ತಿರುಗುವ ಲೋಟ

ಉಪಯೋಗಕ್ಕೆ ಬಾರದ ಯಂತ್ರವನ್ನು ಏಕೆ ಮಾಡಬೇಕು? ಈ ಪ್ರಶ್ನೆಯನ್ನು ಕೇಳುವವರು ಅವಿವೇಕಿಗಳಲ್ಲ. ಅವರ ಮಾತಿನಲ್ಲಿ ನ್ಯಾಯವೂ ಉಂಟು. ಹಿಟ್ಟಿನ ಗಿರಣಿಯನ್ನು ನಡೆಸಲಾರದ, ಬಾವಿಯಿಂದ ನೀರೆತ್ತಲಾರದ, ಒಂದು ಬೀಸಣಿಗೆಯನ್ನಾದರೂ ಬೀಸಲಾರದ ಮೋಟಾರೊಂದನ್ನು ಶಾಲೆಯ ಹುಡುಗ ಹುಡುಗಿಯರು ಎರಡು ಮಧ್ಯಾಹ್ನ ಕುಳಿತು ಮಾಡಬೇಕೆಂದರೆ ಯಾರಿಗಾದರೂ ಅಚ್ಚರಿಯಾದೀತು. ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ ಪುಟ್ಟ ಮೋಟಾರನ್ನು ತಂದು, ಅದರ ಎರಡು ತಂತಿಗಳನ್ನು ಬ್ಯಾಟರಿಗೆ ಮುಟ್ಟಿಸಿದರೆ ಸಾಕು, ಅದು ಮರುಕ್ಷಣವೇ ಗುಂಯ್‌ಗುಟ್ಟುತ್ತ ತಿರುಗುತ್ತದೆ. ಹೀಗಿರಲು ಪ್ಲಾಸ್ಟಿಕ್ ಲೋಟ, ಬೇಗಡೆ, ಸೂಜಿ, ನೀರಿನ ಕೊಳವೆಯ ತುಂಡು ಇವುಗಳನ್ನು ಕೂಡಿಹಾಕಿಕೊಂಡು, ಕೈಸೋಲುವಂತೆ ಉಜ್ಜಿ, ಕೊನೆಗೆ ಲೋಟವೊಂದು ಅಳುಕುತ್ತ ಅಳುಕುತ್ತ ಸುತ್ತುವುದನ್ನು ನೋಡುವುದರಲ್ಲಿ ಏನು ಪುರುಷಾರ್ಥವಿದೆ?

ಇದೆ ಎಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವ ಮೊದಲು ಯಂತ್ರವನ್ನು ಪರಿಚಯಿಸಬೇಕು. ಓದುಗರು ಕಾಣದ ವಸ್ತುವಿನ ಪರವಾಗಿ ವಾದಿಸುವುದು ಸರಿಯಾದ ಕ್ರಮವಲ್ಲ.

ಸ್ಥಾಯೀ ವಿದ್ಯುತ್ತಿನ ಹೆಸರನ್ನು ನೀವು ಕೇಳಿದ್ದೀರಿ. ತಲೆ ಬಾಚಿದ ಹಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದು ಇದರಿಂದಲೇ. ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು. ಗ್ರೀಕರು ಇದನ್ನು ಮೊದಲು ಕಂಡುದು ಅಂಬರೆಂಬ ಹಳದಿಯ ರಾಳದ ಹರಳಿನಲ್ಲಿ. ಅವರ ಭಾಷೆಯಲ್ಲಿ ಅದಕ್ಕೆ ಎಲೆಕ್ಟ್ರಾನ್ ಎಂದು ಹೆಸರು. ಪಾಶ್ಚಾತ್ಯರ ಎಲೆಕ್ಟ್ರಿಸಿಟಿ ಎಂಬ ಶಬ್ದ ಹುಟ್ಟಿದುದು ಆ ಹರಳಿನಿಂದ. ನಮ್ಮ ವಿದ್ಯುತ್ ಎಂಬುದಾದರೋ ಮಿಂಚಿನ ಹೆಸರು. ಅದು ಆಕಾಶದಿಂದ ಇಳಿದು ಬಂದ ಮಾತು. ಸಂಸ್ಕೃತದಲ್ಲಿ ತೃಣಮಣಿ ಎಂಬ ಸೊಗಸಾದ ಪದವೂ ಉಂಟು. ಹುಲ್ಲುಕಡ್ಡಿಯನ್ನು ಸೆಳೆಯುವ ಮಣಿ ಎಂದು ಅದರ ಅರ್ಥ. ಹುಲ್ಲನ್ನು ಸೆಳೆಯುವ ಮಣಿಗೂ ಮುಗಿಲನ್ನು ಸೀಳುವ ಮಿಂಚಿಗೂ ನಂಟುಂಟೆಂದು ಪ್ರಯೋಗದಿಂದ ತಿಳಿದುದು 1752ರಲ್ಲಿ. ಅಂದಿನಿಂದ ಈ ಎರಡು ಹೆಸರುಗಳೂ ಒಂದೇ ವಸ್ತುವಿನ ಹೆಸರುಗಳಾದವು. ಆದರೆ ಸ್ಥಾಯೀ ಎಂಬ ವಿಶೇಷಣ ಮಾತ್ರ ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ನಿಂತಲ್ಲಿಯೇ ನಿಲ್ಲುವುದು ಸ್ಥಾಯಿ. ಈ ವಿದ್ಯುತ್ತು ಅವಕಾಶ ಸಿಕ್ಕೊಡನೆ ಹಾರುತ್ತದೆ, ಜಿಗಿಯುತ್ತದೆ, ಲೋಟವನ್ನು ತಿರುಗಿಸುತ್ತದೆ.

ಯಂತ್ರವನ್ನು ಹೀಗೆ ಮಾಡಬಹುದು. ಹಗುರವಾದ ಒಂದು ಪ್ಲಾಸ್ಟಿಕ್ ಲೋಟವನ್ನು ತೆಗೆದುಕೊಳ್ಳಿ. ಅದರ ಹೊರಮೈಗೆ ಬೆರಳಗಲದ ಆರು ಬೇಗಡೆಯ ಪಟ್ಟಿಗಳನ್ನು ಉದ್ದುದ್ದವಾಗಿ ಅಂಟಿಸಿ. ಪಟ್ಟಿಪಟ್ಟಿಗಳ ನಡುವೆ ಅಂತರವಿರಬೇಕು. ಒಂದನ್ನೊಂದು ಅವು ಮುಟ್ಟಲೇಬಾರದು. ಲೋಟದ ತಳದ ಒಳಭಾಗದಲ್ಲಿ, ಸರಿಯಾಗಿ ನಡುವೆ, ರವಿಕೆಗೆ ಹಚ್ಚುವ ಟಿಚ್ ಗುಂಡಿಯ ಒಂದು ಹೋಳನ್ನು ಅಂಟಿಸಿ. ಒಂದು ಪೆನ್ಸಿಲನ್ನು ಜೇಡಿಮಣ್ಣಿನ ಮುದ್ದೆಯಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತುದಿಗೆ ಸೂಜಿಯನ್ನು ಮೊನೆ ಮೇಲಾಗುವಂತೆ ಕಟ್ಟಿ. ಲೋಟವನ್ನು ಬೋರಲು ಮಾಡಿ, ಗುಂಡಿಯ ಕುಳಿಯಲ್ಲಿ ಸೂಜಿಯ ಮೊನೆ ಕೂರುವಂತೆ ಅದರ ಮೇಲಿಡಿ. ಈಗ ಬಾಯಿಂದ ಮೆಲ್ಲನೆ ಊದಿದರೆ ಲೋಟವು ಬಹಳ ಹೊತ್ತು ಸುತ್ತುತ್ತಿರಬೇಕು. ಬೇಗನೆ ನಿಂತುಬಿಟ್ಟರೆ ಮುಂದಿನ ಕೆಲಸಕ್ಕೆ ಹೋಗಬೇಡಿ. ಗುಂಡಿಯು ನಡುವಿನಲ್ಲಿಲ್ಲವೆಂದೋ ಸೂಜಿಯು ಮೊಂಡಾಗಿದೆಯೆಂದೋ ತಿಳಿದು ಮೊದಲು ಅದನ್ನು ಸರಿಪಡಿಸಿ.

ಲೋಟದ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಎರಡು ಪ್ಲಾಸ್ಟಿಕ್ ಸೀಸೆಗಳಿರಲಿ. ಅವುಗಳ ನಡುಭಾಗಕ್ಕೆ ಬೇಗಡೆಯನ್ನು ಸುತ್ತಿ, ತಳವನ್ನು ಬರಿದಾಗಿ ಬಿಡಿ. ಒಂದೊಂದು ಸೀಸೆಯ ಬೇಗಡೆಗೂ ಒಂದೊಂದು ತೆಳು ತಂತಿಯನ್ನು ಸಿಕ್ಕಿಸಿ, ಅದರ ಚೂಪಾದ ತುದಿ ಲೋಟದ ಪಟ್ಟಿಗಳ ತೀರ ಹತ್ತಿರಕ್ಕೆ, ಒಂದು ಕಾಗದ ತೂರುವಷ್ಟು ಸಂದು ಬಿಟ್ಟು ನಿಲ್ಲುವಂತೆ ಬಾಗಿಸಿ. ತಂತಿಗಳು ನೇರವಾಗಿ ಲೋಟದ ನಡುವಿಗೆ ಗುರಿಯಿಡದೆ, ಓರೆಯಾಗಿರಬೇಕು. ಬೀಸುವ ಕಲ್ಲಿನ ಎರಡು ಪಕ್ಕದಲ್ಲಿ ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರನ್ನು ನೆನೆಯಿರಿ. ಒಬ್ಬಳು ಗೂಟವನ್ನು ಆಚೆಗೆ ನೂಕುತ್ತಾಳೆ, ಇನ್ನೊಬ್ಬಳು ಈಚೆಗೆ ನೂಕುತ್ತಾಳೆ. ಕಲ್ಲು ಮಾತ್ರ ಒಂದೇ ದಿಕ್ಕಿಗೆ ಸುತ್ತುತ್ತದೆ. ತಂತಿಗಳೂ ಹಾಗೆಯೇ.

ಇನ್ನು ಉಳಿದುದು ಶಕ್ತಿಯನ್ನು ಊಡುವ ಕೆಲಸ. ಒಂದು ಸೀಸೆಯ ಬೇಗಡೆಯನ್ನು ತಂತಿಯ ಮೂಲಕ ನೀರಿನ ನಲ್ಲಿಯ ಕಬ್ಬಿಣದ ಕೊಳವೆಗೆ ಜೋಡಿಸಿ. ನಲ್ಲಿ ದೂರವಿದ್ದರೆ ಬರಿಗಾಲಿನಲ್ಲಿ ನೆಲದ ಮೇಲೆ ನಿಂತ ಗೆಳೆಯನೊಬ್ಬನು ಅದನ್ನು ಹಿಡಿದುಕೊಂಡರೂ ಆದೀತು. ಇನ್ನೊಂದು ಸೀಸೆಯ ಬೇಗಡೆಯಿಂದ ಕೆಲವು ಚೂಪು ತಂತಿಗಳು ಹಣಿಗೆಯ ಹಲ್ಲುಗಳಂತೆ ಮೇಲಕ್ಕೆ ನಿಂತಿರಲಿ. ಮನೆ ಕಟ್ಟುವಾಗ ಮಿಕ್ಕ ಪಿವಿಸಿ ಕೊಳವೆಯ ಮೊಳದುದ್ದದ ತುಂಡನ್ನು ಒಣ ಉಣ್ಣೆಯ ಬಟ್ಟೆಯಿಂದ ಬಿರುಸಾಗಿ ಉಜ್ಜಿ, ಆ ಹಲ್ಲುಗಳ ಹತ್ತಿರ ತಂದು ಉದ್ದಕ್ಕೂ ಎಳೆಯಿರಿ. ಚಿಟಿಚಿಟಿ ಸದ್ದು ಕೇಳಿಸುತ್ತದೆ. ಮತ್ತೆ ಉಜ್ಜಿ, ಮತ್ತೆ ಎಳೆಯಿರಿ. ಲೋಟವು ಮೊದಲು ಕದಲುತ್ತದೆ, ಅನಂತರ ತೊನೆಯುತ್ತದೆ. ಒಂದಿಷ್ಟು ಬೆರಳಿನಿಂದ ನೂಕಿಕೊಟ್ಟರೆ, ಎಲ್ಲವೂ ಸರಿಯಿದ್ದ ಪಕ್ಷದಲ್ಲಿ, ತಿರುಗತೊಡಗುತ್ತದೆ.

ಏಕೆ ತಿರುಗುತ್ತದೆ? ಉಣ್ಣೆಯಿಂದ ಉಜ್ಜಿದ ಕೊಳವೆಯಲ್ಲಿ ಋಣ ವಿದ್ಯುದಂಶ ಸೇರಿರುತ್ತದೆ. ಅದು ಚೂಪು ಹಲ್ಲುಗಳ ಮೂಲಕ ಬೇಗಡೆಗೆ ಬಂದು, ಓರೆ ತಂತಿಯ ಮೊನೆಯಿಂದ ಲೋಟದ ಹತ್ತಿರದ ಪಟ್ಟಿಗೆ ಜಿಗಿಯುತ್ತದೆ. ಪಟ್ಟಿಯಲ್ಲಿಯೂ ತಂತಿಯಲ್ಲಿಯೂ ಈಗ ಒಂದೇ ಜಾತಿಯ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ನೂಕುತ್ತವೆ. ಪಟ್ಟಿಯು ಮುಂದೆ ಸರಿಯುತ್ತದೆ, ಆ ಜಾಗಕ್ಕೆ ಇನ್ನೊಂದು ಪಟ್ಟಿ ಬರುತ್ತದೆ. ಮುಂದೆ ಸರಿದ ಪಟ್ಟಿಯನ್ನು ಎದುರಿನ ಸೀಸೆಯು ಸೆಳೆದುಕೊಳ್ಳುತ್ತದೆ. ಅಲ್ಲಿ ಅದು ತಾನು ಹೊತ್ತುದನ್ನು ಇಳಿಸಿ, ನೆಲದ ಕಡೆಯಿಂದ ವಿರುದ್ಧ ಜಾತಿಯ ವಿದ್ಯುದಂಶವನ್ನು ಪಡೆದು, ಮತ್ತೆ ನೂಕಿಸಿಕೊಂಡು ಹೊರಡುತ್ತದೆ. ಸಂತೆಗೆ ಸಾಮಾನು ಹೊತ್ತುಹೋಗಿ, ಅಲ್ಲಿಂದ ಬೇರೆ ಸಾಮಾನು ಹೊತ್ತುತರುವ ಎತ್ತಿನ ಗಾಡಿಗಳ ಸಾಲಿನಂತೆ ಈ ಆರು ಪಟ್ಟಿಗಳು ಕೆಲಸ ಮಾಡುತ್ತವೆ. ಇಲ್ಲಿ ಅಯಸ್ಕಾಂತವಿಲ್ಲ, ಸುರುಳಿ ತಂತಿಯಿಲ್ಲ.

ಅಂಗಡಿಯ ಮೋಟಾರಿಗಿಂತ ಇದು ವಯಸ್ಸಿನಲ್ಲಿ ಹಿರಿದು ಎಂಬುದನ್ನು ಹಲವರು ಅರಿಯರು. ಜರ್ಮನಿಯ ಎರ್ಫರ್ಟ್ ನಗರದಲ್ಲಿ ಅಧ್ಯಾಪಕನಾಗಿದ್ದ ಆಂಡ್ರ್ಯೂ ಗಾರ್ಡನ್ ಎಂಬ ಸ್ಕಾಟ್ಲೆಂಡಿನ ಸಂನ್ಯಾಸಿಯು 1740ರ ದಶಕದಲ್ಲಿಯೇ ಇಂತಹ ವಿದ್ಯುತ್ತಿನಿಂದ ಗಂಟೆಗಳನ್ನು ಬಾರಿಸಿದನು, ಮೊನೆಗಳುಳ್ಳ ಚಕ್ರವನ್ನು ಸುತ್ತಿಸಿದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ಲಂಡನ್ನಿನ ಪೀಟರ್ ಕಾಲಿನ್ಸನ್ನನಿಗೆ ಬರೆದ ಕಾಗದದಲ್ಲಿ ತನ್ನ ವಿದ್ಯುಚ್ಚಕ್ರವನ್ನು ವರ್ಣಿಸಿದ್ದಾನೆ. ಮರದ ಹಲಗೆಯೊಂದರ ಸುತ್ತ 30 ಗಾಜಿನ ಪಟ್ಟಿಗಳು. ಒಂದೊಂದರ ತುದಿಗೂ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವಂತಹ ಒಂದೊಂದು ಹಿತ್ತಾಳೆಯ ಟೊಪ್ಪಿಗೆ. ವಿದ್ಯುತ್ತು ತುಂಬಿದ ಸೀಸೆಗಳನ್ನು ಪಕ್ಕದಲ್ಲಿಟ್ಟರೆ ಅದು ನಿಮಿಷಕ್ಕೆ 12–15 ಸುತ್ತು ತಿರುಗುತ್ತಿದ್ದಿತು. ಅದರ ಮೇಲೆ 100 ಸ್ಪೇನಿನ ಬೆಳ್ಳಿ ನಾಣ್ಯಗಳನ್ನು ಹೇರಿದರೂ, ಎಂದರೆ ಸುಮಾರು ಎರಡೂಮುಕ್ಕಾಲು ಕಿಲೋಗ್ರಾಂ ಭಾರವನ್ನಿಟ್ಟರೂ, ವೇಗ ಕುಂದಲಿಲ್ಲವಂತೆ. ಮೈಕೇಲ್ ಫ್ಯಾರಡೆಯು ಅಯಸ್ಕಾಂತದ ಸುತ್ತ ತಂತಿಯನ್ನು ಸುತ್ತಿಸಿದುದು 1821ರಲ್ಲಿ. ಇದಾದರೋ ಅದಕ್ಕಿಂತ 70 ವರ್ಷಗಳಿಗೂ ಹಿಂದಿನ ಮಾತು.

ಹಾಗಾದರೆ ಹಿರಿಯನು ಹಿಂದೆ ಬಿದ್ದುದೇಕೆ? ಈ ಪ್ರಶ್ನೆಗೆ ಉತ್ತರವು ಗಾಳಿಯಲ್ಲಿದೆ. ಸೆಳೆತ ಹೆಚ್ಚಬೇಕಾದರೆ ವಿದ್ಯುದಂಶವನ್ನು ಹೆಚ್ಚಾಗಿ ತುಂಬಬೇಕು. ಆದರೆ ಒಂದು ಸೆಂಟಿಮೀಟರ್ ಸಂದಿನಲ್ಲಿ ಸುಮಾರು 30,000 ವೋಲ್ಟ್ ಆಗುತ್ತಲೇ ಗಾಳಿಯು ತಡೆಯಲಾರದೆ ಕಿಡಿಯಾಗಿ ಒಡೆಯುತ್ತದೆ, ತುಂಬಿದುದೆಲ್ಲ ಸೋರಿಹೋಗುತ್ತದೆ. ಅಯಸ್ಕಾಂತಕ್ಕೆ ಈ ತೊಂದರೆಯಿಲ್ಲ. ಲೆಕ್ಕ ಹಾಕಿದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಕಿಡಿ ಹಾರದಂತೆ ಹಿಡಿದಿಡಬಹುದಾದ ವಿದ್ಯುತ್ ಶಕ್ತಿ ಸುಮಾರು 40 ಜೂಲ್. ಬಲವಾದ ಅಯಸ್ಕಾಂತವು ಅಷ್ಟೇ ಜಾಗದಲ್ಲಿ ಸುಮಾರು 4,00,000 ಜೂಲ್ ಹಿಡಿದಿಡಬಲ್ಲುದು. ಹತ್ತು ಸಾವಿರ ಪಟ್ಟು! ಗಿರಣಿಗಳೂ ರೈಲುಗಳೂ ಯಾರನ್ನು ಆರಿಸಿಕೊಂಡವೆಂದು ಕೇಳಬೇಕಾಗಿಲ್ಲ.

ಆದರೆ ಈ ಕಥೆಗೆ ಒಂದು ತಿರುವುಂಟು. ಸಂದು ಕೂದಲೆಳೆಗಿಂತ ಬಹಳ ಕಿರಿದಾದಾಗ ಗಾಳಿಯು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ದೊಡ್ಡದರಲ್ಲಿ ಸೋತವನು ಅತಿ ಚಿಕ್ಕದರಲ್ಲಿ ಗೆಲ್ಲುತ್ತಾನೆ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಕೇಂದ್ರದ ಸಂಶೋಧಕರು ಸಿಲಿಕಾನಿನಿಂದ ಕೂದಲೆಳೆಯ ದಪ್ಪಕ್ಕೆ ಸಮೀಪವಾದ ಮೋಟಾರನ್ನು ಮಾಡಿ ತಿರುಗಿಸಿದರು. ಅದನ್ನು ನಡೆಸಿದುದು ಈ ಸ್ಥಾಯೀ ವಿದ್ಯುತ್ತಿನ ಸೆಳೆತವೇ. ಇಂದು ಕೈಫೋನಿನೊಳಗೆ ಅದರ ತಿರುವನ್ನು ಅರಿಯುವ ಪುಟ್ಟ ಭಾಗವೊಂದಿದೆ. ಅಲ್ಲಿ ಹಣಿಗೆಯಂತಹ ಸೂಕ್ಷ್ಮ ಹಲ್ಲುಗಳು ಇದೇ ಸೆಳೆತದಿಂದ ನಡುಗುತ್ತಿರುತ್ತವೆ. ಉಪಯೋಗಕ್ಕೆ ಬಾರದುದೆಂದು ನಾನೂ ಮೊದಲ ಸಾಲಿನಲ್ಲಿ ಕರೆದೆನಷ್ಟೆ. ಅದು ಪ್ರಶ್ನೆ ಕೇಳುವವರ ಮಾತು.

ಆದರೂ ಉಪಯೋಗದ ಹೆಸರು ಹೇಳಿ ಈ ಯಂತ್ರದ ಪರವಾಗಿ ವಾದಿಸುವ ಇಷ್ಟ ನನಗಿಲ್ಲ. ನನ್ನ ಕಾರಣ ಬೇರೆ. ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು. ಕರಾವಳಿಯ ಒಂದು ಶಾಲೆಯಲ್ಲಿದ್ದಾಗ, ಮಳೆಗಾಲದ ಒಂದು ದಿನ, ಭಾಷೆಯನ್ನು ನೋಡಿಕೊಡಬೇಕೆಂದು ಹೇಳಿ ವಿಜ್ಞಾನದ ಪ್ರಯೋಗ ಪುಸ್ತಕಗಳ ಒಂದು ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಪುಸ್ತಕ ಪುಸ್ತಕದಲ್ಲಿಯೂ ಒಂದೇ ವಾಕ್ಯ: ದಂಡವನ್ನು ಉಣ್ಣೆಯಿಂದ ಉಜ್ಜಿದಾಗ ಕಾಗದದ ಚೂರುಗಳು ಆಕರ್ಷಿತವಾದುದು ಕಂಡುಬಂದಿತು. ಕಾಗುಣಿತ ಸರಿಯಾಗಿದ್ದಿತು, ವಿಭಕ್ತಿ ಸರಿಯಾಗಿದ್ದಿತು, ಪೂರ್ಣವಿರಾಮವೂ ಇದ್ದಿತು. ಹೊರಗೆ ಮಾತ್ರ ಎಂಟು ದಿನಗಳಿಂದ ಬಿಡದೆ ಮಳೆ ಸುರಿಯುತ್ತಿದ್ದಿತು, ಗೋಡೆಗಳು ಬೆವರುತ್ತಿದ್ದವು, ಸೀಮೆಸುಣ್ಣ ಕೂಡ ಹಲಗೆಯ ಮೇಲೆ ಮೂಡುತ್ತಿರಲಿಲ್ಲ. ನಾನು ಒಬ್ಬ ಹುಡುಗಿಯನ್ನು ಕರೆದು, ಚೂರುಗಳು ನಿಜವಾಗಿಯೂ ಮೇಲೆದ್ದವೇ ಎಂದು ಕೇಳಿದೆ. ಅವಳು ಸ್ವಲ್ಪವೂ ಅಂಜದೆ, “ಏಳಲಿಲ್ಲ ಸಾರ್. ಆದರೆ ಹಾಗೆ ಬರೆಯಬೇಕು,” ಎಂದಳು.

ಆ ಮಗುವಿನ ಮೇಲೆ ನನಗೆ ಕೋಪ ಬರಲಿಲ್ಲ. ಹಾಗೆ ಬರೆಯಬೇಕೆಂದು ಹೇಳಿಕೊಟ್ಟ ಪದ್ಧತಿಯ ಮೇಲೆ ಬಂದ ಕೋಪ ಇನ್ನೂ ಆರಿಲ್ಲ. ಕಂಡುಬಂದಿತು ಎಂಬ ಕ್ರಿಯಾಪದವನ್ನು ಗಮನಿಸಿರಿ. ಕಂಡವರು ಯಾರೆಂದು ಅದರಲ್ಲಿ ಇಲ್ಲ. ಕರ್ತೃವು ಮೆಲ್ಲನೆ ಜಾರಿಕೊಂಡಿದ್ದಾನೆ. ಹೊಣೆ ಹೊರುವವರೇ ಇಲ್ಲದ ವಾಕ್ಯವಿದು. ನಾನು ಕಂಡೆನು ಎಂದು ಬರೆಯಬೇಕಾಗಿದ್ದರೆ ಆ ಹುಡುಗಿಯ ಕೈ ಒಂದು ಗಳಿಗೆ ತಡೆಯುತ್ತಿದ್ದಿತೆಂದು ನನ್ನ ನಂಬಿಕೆ. ಪ್ರಯೋಗ ಪುಸ್ತಕಗಳಲ್ಲಿ ಈ ಕಂಡುಬಂದಿತು ಎಂಬುದನ್ನು ತೆಗೆದುಹಾಕಿ ಕಂಡೆನು, ಕಾಣಲಿಲ್ಲ ಎಂಬ ಎರಡು ರೂಪಗಳನ್ನು ಮಾತ್ರ ಉಳಿಸಿಕೊಂಡರೆ ವಿಜ್ಞಾನಕ್ಕೂ ವ್ಯಾಕರಣಕ್ಕೂ ಮೇಲು.

ಅಂದು ಚೂರುಗಳು ಏಳದಿದ್ದುದು ಪ್ರಯೋಗದ ಸೋಲಲ್ಲ. ತೇವದ ಗಾಳಿಯಲ್ಲಿ ವಸ್ತುಗಳ ಮೈಮೇಲೆ ನೀರಿನ ತೆಳುಪೊರೆ ಕೂರುತ್ತದೆ. ಉಜ್ಜಿ ಕೂಡಿಸಿದ ವಿದ್ಯುದಂಶವು ಆ ಪೊರೆಯ ಮೇಲೆ ಹರಿದುಹೋಗುತ್ತದೆ. ಏಳಲಿಲ್ಲ ಎಂದು ಬರೆದು, ಏಕೆ ಏಳಲಿಲ್ಲವೆಂದು ಕೇಳಿದ್ದರೆ ಅದೇ ದೊಡ್ಡ ಪಾಠವಾಗುತ್ತಿದ್ದಿತು. ಕಲಬುರಗಿ, ವಿಜಯಪುರಗಳ ಕಡೆ ಫೆಬ್ರವರಿ ಮಾರ್ಚಿ ತಿಂಗಳ ಒಣಹವೆಯಲ್ಲಿ ಈ ಲೋಟವು ಸಲೀಸಾಗಿ ಸುತ್ತೀತು. ಅದನ್ನೇ ಜುಲೈ ತಿಂಗಳಲ್ಲಿ ಆಗುಂಬೆಗೆ ಒಯ್ದರೆ ಅಲುಗಾಡದೆ ಕೂತೀತು. ಊರೂರಿನ ಹವೆ ಬೇರೆ ಬೇರೆಯಾಗಿರುವ ನಾಡಿನಲ್ಲಿ ಸ್ಥಾಯೀ ವಿದ್ಯುತ್ತಿನ ಪ್ರಯೋಗವನ್ನು ಆಯಾ ಊರಿನ ಒಣದಿನಗಳಿಗೆ ಮುಂದೂಡುವ ಸ್ವಾತಂತ್ರ್ಯ ಉಪಾಧ್ಯಾಯರಿಗೆ ಇರಬೇಕು. ಪಂಚಾಂಗ ನೋಡದೆ ಬಿತ್ತುವ ರೈತನನ್ನು ನಾವು ನಗುತ್ತೇವೆ. ಪಾಠಗಳನ್ನು ಬಿತ್ತುವಾಗ ಮಳೆಗಾಲದ ನೆನಪು ನಮಗೆ ಆಗುವುದಿಲ್ಲ.

ಹಣಿಗೆ ಕಾಗದಗಳ ಪ್ರಯೋಗಕ್ಕಿಂತ ಈ ಮೋಟಾರು ಮೇಲೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಕಾಗದದ ಚೂರುಗಳ ವಿಷಯದಲ್ಲಿ ಊಹಿಸಿ ಬರೆಯುವುದು ಸುಲಭ. ಮೋಟಾರು ಹಾಗಲ್ಲ, ಅದು ತಿರುಗುತ್ತದೆ, ಇಲ್ಲವೇ ನಿಲ್ಲುತ್ತದೆ. ನಿಂತಾಗ ಅದರ ಮುಂದೆ ಕುಳಿತು ಯೋಚಿಸಲೇಬೇಕು. ಅಂಟು ಹಸಿಯಾಗಿದೆಯೇ? ಎರಡು ಪಟ್ಟಿಗಳು ಎಲ್ಲಿಯೋ ತಾಗುತ್ತಿವೆಯೇ? ತಂತಿಯ ಮೊನೆ ಬಹಳ ದೂರವಾಯಿತೇ? ಕೊಳವೆಯನ್ನು ಹಿಡಿದ ಕೈ ಬೆವರಿದೆಯೇ? ಲೋಟವನ್ನೂ ಕೊಳವೆಯನ್ನೂ ಬಿಸಿಲಿಗಿಟ್ಟು ಒಣಗಿಸಿದರೆ ಹೇಗೆ? ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟ, ಕೊಂಡುತಂದ ಸಿದ್ಧ ಉಪಕರಣದ ಮುಂದೆ ನಿಂತ ವಿದ್ಯಾರ್ಥಿಯು ಇಂತಹ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿಲ್ಲ. ಅದು ತಿರುಗದಿದ್ದರೆ ಕೆಟ್ಟಿದೆ ಎಂದು ಮುಗಿಸುತ್ತಾರೆ. ತಾನೇ ಮಾಡಿದುದು ಕೆಟ್ಟಿತೆಂದು ಯಾವ ಹುಡುಗನೂ ಅಷ್ಟು ಬೇಗ ಒಪ್ಪುವುದಿಲ್ಲ.

ಈ ಯಂತ್ರದ ಸುತ್ತ ಬೆಳೆದಿರುವ ಒಂದು ಆಸೆಯನ್ನೂ ಇಲ್ಲಿ ಹೇಳಿಬಿಡಬೇಕು. ಇದರಿಂದ ಬಿಟ್ಟಿಯಾಗಿ ವಿದ್ಯುಚ್ಛಕ್ತಿ ದೊರೆಯುವುದೆಂದು ನಂಬುವವರಿದ್ದಾರೆ. ಅದಕ್ಕೆ ಆಧಾರವಾಗಿ ಒಂದು ನಿಜವಾದ ಸಂಗತಿಯೂ ಇದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಒಲೆಗ್ ಜೆಫಿಮೆಂಕೊ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ವಾತಾವರಣದ ವಿದ್ಯುತ್ತಿನಿಂದಲೇ ಇಂತಹ ಮೋಟಾರುಗಳನ್ನು ತಿರುಗಿಸಿದನು. ಬಯಲಿನಲ್ಲಿ ಮೋಡವಿಲ್ಲದ ದಿನ ನೆಲದಿಂದ ಒಂದೊಂದು ಮೀಟರ್ ಮೇಲೆ ಹೋದಂತೆ ಸುಮಾರು 100 ವೋಲ್ಟ್ ಏರುತ್ತದೆ, ಇದೂ ನಿಜ. ಆದರೆ ಗಾಳಿಯು ವಿದ್ಯುತ್ತನ್ನು ಹರಿಯಗೊಡುವುದು ತೀರ ಅತ್ಯಲ್ಪ. ಹೀಗೆ ದೊರೆಯುವ ಶಕ್ತಿಯಿಂದ ಮನೆಯ ಒಂದು ದೀಪವನ್ನೂ ಉರಿಸಲಾಗದು. ನಿಮ್ಮ ಲೋಟವಾದರೋ ಆಕಾಶದಿಂದ ಏನನ್ನೂ ಪಡೆಯುವುದಿಲ್ಲ. ಅದು ತಿರುಗುವುದು ನಿಮ್ಮ ತೋಳಿನ ಶಕ್ತಿಯಿಂದ. ಬೆಳಗ್ಗೆ ತಿಂದ ರೊಟ್ಟಿಯೋ ಮುದ್ದೆಯೋ ತೋಳಿಗೆ ಬಂದು, ತೋಳಿನಿಂದ ಉಣ್ಣೆಗೆ, ಉಣ್ಣೆಯಿಂದ ಕೊಳವೆಗೆ, ಕೊಳವೆಯಿಂದ ಲೋಟಕ್ಕೆ ಸಾಗುತ್ತದೆ. ದಾರಿಯಲ್ಲಿ ಬಹುಪಾಲು ಬರಿಯ ಬಿಸಿಯಾಗಿ ಕಳೆದುಹೋಗುತ್ತದೆ. ಅರ್ಧ ಗಂಟೆ ಉಜ್ಜಿದವರಿಗೆ ಈ ಲೆಕ್ಕವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಅಪಾಯದ ಮಾತನ್ನು ಮರೆಯಬಾರದು. ಉಜ್ಜಿದ ಕೊಳವೆಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ವಿದ್ಯುದಂಶದ ಮೊತ್ತ ಬಹಳ ಕಡಿಮೆಯಾದುದರಿಂದ ಬೆರಳಿಗೆ ಇರುವೆ ಕಚ್ಚಿದಂತಾಗುವುದೇ ಹೊರತು ಬೇರೆ ಕೇಡಿಲ್ಲ. ಆದರೆ ಮನೆಯ ಗೋಡೆಯ ವಿದ್ಯುತ್ತನ್ನು ಈ ಯಂತ್ರಕ್ಕೆ ಎಂದಿಗೂ ಜೋಡಿಸಬಾರದು. ಹಳೆಯ ಟೆಲಿವಿಷನ್ನನ್ನು ಬಿಚ್ಚಬಾರದು. ಗುಡುಗು ಮಿಂಚಿನ ದಿನ ಹೊರಗೆ ಎತ್ತರದ ತಂತಿಯನ್ನು ಕಟ್ಟಬಾರದು. ವಿದ್ಯುತ್ತು ತುಂಬಿಡುವ ದೊಡ್ಡ ಸೀಸೆಗಳೂ ಬೇಡ. ಫ್ರಾಂಕ್ಲಿನ್ನನಂತಹ ಫ್ರಾಂಕ್ಲಿನ್ನನೇ 1750ರ ಡಿಸೆಂಬರಿನಲ್ಲಿ ಅಂತಹ ಸೀಸೆಗಳನ್ನು ತಾಕಿ ಮೈಮರೆಯುವಂತಾದನು. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನಿ ರಿಚ್‌ಮನ್ ಮಿಂಚನ್ನು ಅಳೆಯಲು ಹೋಗಿ ಪ್ರಾಣವನ್ನೇ ಕಳೆದುಕೊಂಡನು.

ಇನ್ನು ಉಳಿದುದು ಬರೆಯುವ ಕೆಲಸ. ತಾರೀಖನ್ನು ಬರೆಯಿರಿ, ಅಂದಿನ ಹವೆ ಒಣಗಿದ್ದಿತೋ ತೇವವಾಗಿದ್ದಿತೋ ಬರೆಯಿರಿ, ಎಷ್ಟು ಸಲ ಉಜ್ಜಿದಿರಿ, ಲೋಟ ಎಷ್ಟು ಸುತ್ತು ತಿರುಗಿತು, ಅಥವಾ ತಿರುಗಲಿಲ್ಲ, ಎಂಬುದನ್ನು ಬರೆಯಿರಿ. ಅನಂತರ ಪಿವಿಸಿ ಕೊಳವೆಯನ್ನು ಬದಿಗಿಟ್ಟು, ಗಾಜಿನ ಕೊಳವೆಯೊಂದನ್ನು ಚೆನ್ನಾಗಿ ಒಣಗಿಸಿ ರೇಷ್ಮೆಯ ಬಟ್ಟೆಯಿಂದ ಉಜ್ಜಿ ನೋಡಿ. ಅದರಲ್ಲಿ ಸೇರುವುದು ಧನ ವಿದ್ಯುದಂಶ. ಮೊದಲಿನದಕ್ಕೆ ನೇರ ವಿರುದ್ಧವಾದುದು. ಆಗ ಲೋಟವು ಮೊದಲಿನ ದಿಕ್ಕಿಗೇ ತಿರುಗುವುದೋ, ಹಿಮ್ಮೊಗವಾಗಿ ತಿರುಗುವುದೋ? ಉತ್ತರವನ್ನು ಇಲ್ಲಿ ಬರೆದರೆ ನಲವತ್ತು ಪುಸ್ತಕಗಳಲ್ಲಿಯೂ ಅದೇ ವಾಕ್ಯ ಬಂದೀತೆಂಬ ಅಂಜಿಕೆಯಿಂದ ನಾನು ಬರೆಯದೆ ಬಿಟ್ಟಿದ್ದೇನೆ.